ಮೂರು ಗಂಟೆಯ ಬುಕಿಂಗ್

ನಾನು ಕಂಪ್ಯೂಟರ್ ರಿಪೇರಿಯವನು, ದೆವ್ವ ಗಿವ್ವ ನಂಬುವ ಪೈಕಿಯಲ್ಲ. ರಿಪೇರಿಗೆ ಕರೆದಿದ್ದ ಒಂದು ಆಫೀಸಿನ ಮೀಟಿಂಗ್ ರೂಮಿನ ಕಂಪ್ಯೂಟರಿನಲ್ಲಿ, ರೂಮ್ ಬುಕ್ ಮಾಡಲು ಎಲ್ಲರೂ ಹಂಚಿಕೊಂಡಿದ್ದ ಕ್ಯಾಲೆಂಡರ್ ಇಮೇಲ್ ಸಾಫ್ಟ್‌ವೇರಿಗೆ ಕನೆಕ್ಟ್ ಆಗುತ್ತಿರಲಿಲ್ಲ. ಸರಿಮಾಡಿ, ಪರೀಕ್ಷೆಗೆಂದು ಮೂರರಿಂದ ಮೂರೂವರೆವರೆಗೆ ರೂಮನ್ನು ನನ್ನ ಹೆಸರಿಗೇ ಬುಕ್ ಮಾಡಿದೆ. ಬುಕಿಂಗ್ ಮುಗಿಯುವ ತನಕ ಬಾಗಿಲು ತೆರೆಯದಂತೆ ಬೀಗವನ್ನೂ ಆ ಕ್ಯಾಲೆಂಡರಿಗೇ ಜೋಡಿಸಿದ್ದಾರೆಂದು ಯಾರೂ ಹೇಳಿರಲಿಲ್ಲ.

ಮೂರೂವರೆಗೆ ಬುಕಿಂಗ್ ತಾನಾಗಿಯೇ ನಾಲ್ಕಕ್ಕೆ ಹಿಗ್ಗಿತು. ಗಾಬರಿಯಾಗಿ ನೆಟ್ ಕೇಬಲ್ ಕಿತ್ತೆ. ಆದರೂ ಮುಗಿಯುವ ಸಮಯ ನಾಲ್ಕು ಹೋಗಿ ಐದಾಯಿತು. ಕೈಯೂರಿದರೆ ಪಕ್ಕದ ಖಾಲಿ ಕುರ್ಚಿ ಬೆಚ್ಚಗಿತ್ತು.

ಬಾಗಿಲು ಬಡಿದೆ. ಮ್ಯಾನೇಜರಮ್ಮ ಹೊರಗಿನಿಂದ ಗಾಜಿನಲ್ಲಿ ಇಣುಕಿದರು. "ಸ್ವಲ್ಪ ತಡ್ಕೊಳ್ಳಿ ಸಾರ್, ನಿಮ್ ಜೊತೆ ಇರೋರು ಮಾತು ಮುಗಿಸ್ಲಿ."

ಐದಕ್ಕೆ ಬೀಗ ತೆರೆಯಿತು, ಒಬ್ಬನೇ ಓಡಿಬಂದೆ.

ಈಗ ಆ ಬುಕಿಂಗ್ ದಿನಾ ನನ್ನ ಫೋನಿಗೆ ಬರುತ್ತದೆ. ನಿನ್ನೆ, ಸ್ಥಳ ಎಂದಿರುವಲ್ಲಿ ನಮ್ಮ ಮನೆಯ ಮಲಗುವ ಕೋಣೆ ಎಂದಿತ್ತು. ಮುಗಿಯುವ ಸಮಯದ ಜಾಗ ಖಾಲಿಯಿತ್ತು.