ಬ್ಯಾಕಪ್ ಆಗದ ಸಂಜೆಗಳು

"ಈ ಕಂಪ್ಯೂಟರ್ ಕಂಡ್ಕಂಬುದ್ ನೀವಾ?"

ವನಜ ಕೀಬೋರ್ಡಿನಿಂದ ತಲೆಯೆತ್ತಿದಳು. ಬಾಗಿಲಲ್ಲಿ ನಿಂತವನ ಕೈಯಲ್ಲೊಂದು ಹಾಳೆ. ಅವನ ಹಿಂದೆ ಗಂಗೊಳ್ಳಿಯ ಆ ಐಸ್ ಪ್ಲಾಂಟಿನ ಯಜಮಾನ ಭೋಜರಾಜಣ್ಣ ಮುಖ ಬಿಗಿದುಕೊಂಡು ನಿಂತಿದ್ದರು.

"ಹೌದ್... ಎಂತ ಆಯ್ತ್?"

"ನಾನ್ ನಿತೇಶ್. ಕುಂದಾಪ್ರದ ಕಂಪ್ಯೂಟರ್ ಅಂಗಡಿಯಿಂದ ಬಂದದ್" ಎಂದು ಅವನು ಹಾಳೆಯನ್ನು ಮೇಜಿನ ಮೇಲಿಟ್ಟ.

ದಿನಾಂಕಗಳ ಸಾಲು. ಪ್ರತಿ ದಿನಾಂಕದ ಮುಂದೆಯೂ ಒಂದೇ ಮಾತು, ಬ್ಯಾಕಪ್ ಆಗಿಲ್ಲ.

ಹೋದ ಮಳೆಗಾಲದಲ್ಲಿ ಸಿಡಿಲಿಗೆ ಹಳೆಯ ಕಂಪ್ಯೂಟರ್ ಸುಟ್ಟು, ಯಾವ ಬೋಟಿಗೆ ಯಾವಾಗ ಐಸ್ ಎಂಬ ಬುಕಿಂಗ್ ಪೂರಾ ಅಳಿಸಿಹೋಗಿತ್ತು. ಬೋಟಿನವರ ಬಾಯಿಗೆ ಸಿಕ್ಕಿ ಭೋಜರಾಜಣ್ಣ ಹೈರಾಣಾಗಿದ್ದರು. ಹಾಗಾಗಿ ಹೊಸ ಮೆಷಿನ್ನಿನಲ್ಲಿ ಪ್ರತಿ ಸಂಜೆ ಏಳಕ್ಕೆ ಎಲ್ಲವೂ ತಾನಾಗಿಯೇ ಇನ್ನೊಂದು ಡಿಸ್ಕಿಗೆ ನಕಲಾಗುವಂತೆ ಅಂಗಡಿಯವರು ಮಾಡಿಕೊಟ್ಟಿದ್ದರು. ಮನೆಗೆ ಹೋಗುವಾಗ ವನಜ ಅದನ್ನು ಆಫ್ ಮಾಡಬಾರದು, ಅಷ್ಟೇ.

ಈಗ ನಿತೇಶ್ ಒಂದು ಸ್ಕ್ರಿಪ್ಟ್ ಬರೆದಿದ್ದ. ನಾಲ್ಕಾರು ಸಾಲಿನ ಆ ಆದೇಶಕ್ಕೆ, ಬ್ಯಾಕಪ್ ಯಾವತ್ತು ಆಯಿತು, ಯಾವತ್ತು ತಪ್ಪಿತು ಎಂದು ಮೆಷಿನ್ನೇ ವರದಿ ಒಪ್ಪಿಸುತ್ತಿತ್ತು.

"ಕಾಣಿ, ನಾ ಹೇಳ್ದಂಗೇ ಆಯ್ತ್" ಎಂದರು ಭೋಜರಾಜಣ್ಣ. "ಕುಂದಾಪ್ರದ ದೋಣಿ ತಪ್ಪುತ್ತ್ ಅಂದ್ಹೇಳಿ ಎಲ್ಲ ಆಫ್ ಮಾಡಿ ಓಡುದ್. ಈ ತಿಂಗ್ಳ್ ಕಾಂತೆ. ಸಮಾ ಆಗ್ದಿದ್ರೆ ಬೇರೆಯವ್ರನ್ನ ಹುಡುಕ್ತೆ."

ನಾನು ಆಫ್ ಮಾಡಿಲ್ಲ ಎಂದುಕೊಂಡಳು ವನಜ. ನಿಜಕ್ಕೂ ಮಾಡಿಲ್ಲವಾ? ಹಗಲು ಗೇರುಬೀಜದ ಫ್ಯಾಕ್ಟರಿಯಲ್ಲಿ ದುಡಿದು, ಸಂಜೆ ಕ್ಲಾಸಿನಲ್ಲಿ ಕಂಪ್ಯೂಟರ್ ಕಲಿತವಳು. ಬೆಳಿಗ್ಗೆ ಬಂದಾಗ ಮೆಷಿನ್ ಆಫ್ ಆಗಿರುತ್ತಿತ್ತು. ನಕಲು ಮುಗಿದ ಮೇಲೆ ಅದೇ ಆಫ್ ಆಗುವುದೇನೋ ಅಂದುಕೊಂಡಿದ್ದಳು. ಕೇಳಿದರೆ ಇಷ್ಟೂ ಗೊತ್ತಿಲ್ಲವಾ ಅಂದಾರು ಎಂಬ ಹೆದರಿಕೆಗೆ ಯಾರನ್ನೂ ಕೇಳಿರಲಿಲ್ಲ...

ಬೀಜಾಡಿಯಲ್ಲಿರುವ ಅವಳ ಮನೆ ನಡೆಯುವುದು ಈ ಕೆಲಸದಿಂದಲೇ. ಅಮ್ಮನಿಗೆ ಏನೆಂದು ಹೇಳುವುದು?

ಸಂಜೆ ಕುಂದಾಪುರದ ದೋಣಿ ಹತ್ತಿದಾಗ ಎದುರಿನ ಹಲಗೆಯ ಮೇಲೆ ಅವನೇ ಕುಳಿತಿದ್ದ.

"ಖುಷಿ ಆಯ್ತಾ ನಿಮ್ಗೆ?" ಎಂದು ಕೇಳಿದಳು ಅವಳು. "ನನ್ ಕೆಲ್ಸ ತೆಗ್ಸೂಕೇ ಆ ಸ್ಕ್ರಿಪ್ಟ್ ಬರ್ದದ್ದಾ?"

ನಿತೇಶ್ ತಲೆ ತಗ್ಗಿಸಿದ.

"ಬ್ಯಾಕಪ್ ಆಗ್ಲಿಲ್ಲೆ ಅಂತ ಮಾತ್ರ ಅದ್ ಹೇಳುದ್. ಯಾರ್ ತಪ್ಪ್ ಅಂತ ಹೇಳುದಿಲ್ಲೆ. ಅರ್ಧಂಬರ್ಧ ವರದಿ ಯಜಮಾನ್ರ ಕೈಗ್ ಕೊಟ್ಟದ್ ನಂದೇ ತಪ್ಪ್."

"ಹಾಂಗಾರೆ ಈಗ ಎಂತ ಮಾಡುದ್?"

"ಮೆಷಿನ್ ಎಷ್ಟ್ ಹೊತ್ತಿಗೆ ನಿಂತಿತ್ ಅನ್ನುದೂ ಅದ್ರೊಳ್ಗೇ ಇರತ್ತ್. ಅದನ್ನೂ ವರದಿಗೆ ಸೇರ್ಸ್ಬೇಕ್. ನಾನ್ ಹೇಳ್ಕೊಡ್ತೆ, ನೀವೇ ಬರೀನಿ."

"ನಾನಾ? ನಂಗೆಲ್ಲಿ ಬತ್ತ್..."

"ಬತ್ತಿಲ್ಲೆ ಅಂತ ನಿಮ್ಗೆ ಹೇಳ್ದವ್ರ್ ಯಾರ್?"

ಯಾರೂ ಹೇಳಿರಲಿಲ್ಲ. ಅವಳೇ ಹೇಳಿಕೊಂಡು ಬಂದಿದ್ದಳು.

ಮರುದಿನದಿಂದ ಮಧ್ಯಾಹ್ನ ಊಟದ ಹೊತ್ತಿಗೆ ನಿತೇಶ್ ಬರತೊಡಗಿದ. ಅವಳು ಒಂದೊಂದೇ ಅಕ್ಷರ ಹುಡುಕಿ ಒತ್ತುವಾಗ ಅವಸರ ಮಾಡುತ್ತಿರಲಿಲ್ಲ. ತಪ್ಪಿದರೆ, "ಇರ್ಲಿ, ಇನ್ನೊಂದ್ ಸಲ ಕಾಂಬ" ಎನ್ನುತ್ತಿದ್ದ. ಅಷ್ಟು ಮೆತ್ತಗೆ ಅವಳಿಗೆ ಯಾರೂ ಯಾವ ಪಾಠವನ್ನೂ ಹೇಳಿಕೊಟ್ಟಿರಲಿಲ್ಲ.

ಶನಿವಾರ ಅವಳು ಬರೆದ ಸಾಲುಗಳು ಓಡಿದವು. ಪರದೆಯ ಮೇಲೆ ಹೊಸ ವರದಿ ಮೂಡಿತು. ದಿನವೂ ಮೆಷಿನ್ ನಿಂತಿದ್ದು ಏಳಕ್ಕೆ ಸ್ವಲ್ಪ ಮುಂಚೆ, ಕತ್ತಲಾಗುವ ಹೊತ್ತಿಗೆ. ಅಷ್ಟರಲ್ಲಿ ಅವಳು ದೋಣಿ ಇಳಿದು ಬೀಜಾಡಿಯ ಬಸ್ಸಿನಲ್ಲಿರುತ್ತಿದ್ದಳು!

"ನಾನಲ್ಲ..." ಅವಳ ಕಣ್ಣು ತುಂಬಿತು. "ನಿತೇಶ್, ನಾನಲ್ಲ."

"ನಂಗ್ ಮೊದ್ಲೇ ಗೊತ್ತಿತ್ತ್" ಎಂದ ಅವನು.

ಅಂದು ಸಂಜೆ ಇಬ್ಬರೂ ಆಫೀಸಿನಲ್ಲೇ ಉಳಿದರು. ದೀಪ ಹಚ್ಚುವ ಹೊತ್ತಿಗೆ ಕಾವಲಿನ ನಾಗಜ್ಜ ಕೈಕಾಲು ತೊಳೆದು ಬಂದರು. ಕೊಲ್ಲೂರಮ್ಮನ ಪಟಕ್ಕೆ ದೀಪ ಹಚ್ಚಿ ಕೈಮುಗಿದರು. ಆಮೇಲೆ ಕಂಪ್ಯೂಟರಿನ ಹತ್ತಿರ ಬಂದು, ಅದಕ್ಕೂ ಕೈಮುಗಿದು, ಗೋಡೆಯ ಸ್ವಿಚ್ಚನ್ನು ಪಟ್ಟನೆ ಒತ್ತಿ ಮೇಲೊಂದು ಬಟ್ಟೆ ಹೊದಿಸಿದರು.

"ಅಜ್ಜಾ, ಎಂತಕ್ಕೆ ಆಫ್ ಮಾಡ್ದ್ರಿ?"

"ಹಗ್ಲಿಡೀ ದುಡ್ದಿತ್ತಲ್ದಾ ಮಗಾ, ಪಾಪ. ದೀಪ ಹಚ್ಚಿದ್ ಮೇಲಾರೂ ಅದ್ಕೆ ಚೂರ್ ಬಿಡುವ್ ಬೇಡ್ದಾ? ನೀ ಮರ್ತ್ ಹೋತೆ ಅಂತ ನಾನೇ ಮಾಡುದ್."

ಅಜ್ಜನ ಮುಖದಲ್ಲಿ ಉಪಕಾರ ಮಾಡಿದ ಹಿಗ್ಗು. ಇವರ ಹೆಸರು ಹೇಳಿದರೆ ನನ್ನ ಕೆಲಸ ಉಳಿಯುತ್ತದೆ... ಆದರೆ ಈ ವಯಸ್ಸಿನಲ್ಲಿ ಅಜ್ಜ ಬೈಗಳು ತಿನ್ನಬೇಕಲ್ಲ?

ವನಜ ದಿಕ್ಕು ತೋಚದೆ ನಿತೇಶನ ಕಡೆ ನೋಡಿದಳು. ಅವನು ಕಣ್ಣಲ್ಲೇ, ನನಗೆ ಬಿಡಿ ಎಂದ.

ಸೋಮವಾರ ಹೊಸ ವರದಿ ಹಿಡಿದು ಅವನು ಭೋಜರಾಜಣ್ಣನ ಎದುರು ನಿಂತ.

"ತಪ್ಪ್ ನಮ್ ಅಂಗಡಿದ್. ದೀಪ ಹಚ್ಚುವ ಹೊತ್ತಿಗೆ ಇಲ್ಲಿ ಎಲ್ಲ ಆಫ್ ಮಾಡು ಕ್ರಮ ಇತ್ತಂಬ್ರ್. ಅದ್ನ ಕೇಳ್ದೆ ನಾವ್ ಬ್ಯಾಕಪ್ ಏಳ್ ಗಂಟಿಗೆ ಇಟ್ಟದ್. ಈಗ ಮಧ್ಯಾಹ್ನಕ್ಕೆ ಬದ್ಲ್ ಮಾಡಿದ್ದೆ. ವನಜ ಒಂದಿನವೂ ಆಫ್ ಮಾಡ್ಲಿಲ್ಲೆ, ಕಾಣಿ. ಈ ವರದಿ ಅವ್ರೇ ಬರ್ದ ಸ್ಕ್ರಿಪ್ಟಿಂದು."

"ನಮ್ ಹೆಣ್ಣ್ ಬರ್ದದ್ದಾ?" ಭೋಜರಾಜಣ್ಣ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಆಮೇಲೆ ಅವಳ ಕಡೆ ತಿರುಗಿ, "ಸುಮ್ನೆ ಬೈದೆ ಮಗಾ. ಮನ್ಸಿಗ್ ಹಚ್ಕಂಬೇಡ" ಎಂದರು.

ಅಂದಿನ ದೋಣಿಯಲ್ಲಿ ವನಜ ತಾನಾಗಿಯೇ ಅವನ ಪಕ್ಕ ಹೋಗಿ ಕುಳಿತಳು. ಹೊಳೆಯ ಗಾಳಿಗೆ ಹಾರುವ ಸೆರಗನ್ನು ಹಿಡಿದುಕೊಂಡು ಅವನ ಕಡೆ ತಿರುಗಿದಳು.

"ನೀವ್ ಮಾಡಿದ್ ಉಪಕಾರ ನಾ ಸಾಯೂವರ್ಗೆ ಮರೂದಿಲ್ಲೆ. ಕೆಲ್ಸ ಉಳ್ಸಿದ್ಕೆ ಮಾತ್ರ ಅಲ್ಲ... ನನ್ ಮೇಲೆ ನಂಗೇ ನಂಬ್ಕೆ ಇಲ್ದಿಪ್ಪು ಹೊತ್ತಿಗೆ ನೀವ್ ನಂಬಿದ್ರಿ."

"ಉಪಕಾರ ಎಲ್ಲ ಹೇಳ್ಬೇಡಿ. ನಂದೊಂದ್ ಕಳ್ಳತನ ಇತ್ತ್" ಎಂದ ನಿತೇಶ್ ನೀರಿನ ಕಡೆ ನೋಡುತ್ತಾ. "ಅದ್ ಒಂದೇ ದಿನದ್ ಪಾಠ. ವಾರ ಇಡೀ ಎಳ್ದದ್ ನಾನೇ. ದಿನಾ ನಿಮ್ಮನ್ನ ಕಾಂಬೂಕೆ..."

ವನಜಳ ಕೆನ್ನೆ ಕೆಂಪಾಯಿತು. ತುಟಿಯಲ್ಲಿ ಸಣ್ಣದೊಂದು ನಗು.

"ಆ ಪಾಠ ನಂಗೂ ಒಂದೇ ದಿನಕ್ಕೆ ಅರ್ಥ ಆಯ್ತ್."

"ಎಂತ? ಮತ್ತೆ ದಿನಾ ತಪ್ಪ್ ಮಾಡ್ತಾ ಇದ್ದದ್ ಎಂತಕ್ಕೆ?"

"ಇನ್ನೊಂದ್ ಸಲ ಕಾಂಬ ಅಂತ ನೀವ್ ಹೇಳೂದನ್ನ ಕೇಂಬೂಕೆ."

ದೋಣಿ ದಡ ಮುಟ್ಟಿತು. ಅವನು ಮೊದಲು ಇಳಿದು ಕೈ ಚಾಚಿದ. ಅವಳು ಆ ಕೈ ಹಿಡಿದು ಇಳಿದಳು. ಇಳಿದ ಮೇಲೂ ಬಿಡಲಿಲ್ಲ.

"ಆಯ್ತವಾರ ಮನೆಗ್ ಬತ್ರಿಯಾ? ಅಮ್ಮ ಬಪ್ಪೂಕ್ ಹೇಳಿದ್ಳ್."

"ಅಮ್ಮನ ಹತ್ರ ನಾನ್ ಯಾರ್ ಅಂತ ಹೇಳಿದ್ರಿ?"

"ಪಾಠ ಹೇಳ್ಕೊಟ್ಟವ್ರ್ ಅಂತ ಮಾತ್ರ. ನಂಗ್ ಯಾರ್ ಅಂತ ಇನ್ನೂ ಹೇಳ್ಲಿಲ್ಲೆ" ಎಂದಳು ವನಜ. "ನೀ ಬಂದ್ ಮೇಲೆ ಹೇಳ್ತೆ."