ಶರಬತ್ತಿನ ನೊರೆ

ಬಿಳಿ ಕಾರ್ಪೆಟ್ಟಿನ ನಟ್ಟನಡುವೆ ಅಂಗೈಯಗಲದ ಕೆಂಪು ಕಲೆ! ಎಷ್ಟು ಒರೆಸಿದರೂ, ಜಪ್ಪಯ್ಯ ಅಂದರೂ ಹೋಗುತ್ತಿಲ್ಲ.

"ಯಾವ ಕಲೆಯೂ ಅಂಟದ ನೈಲಾನ್" ಎಂದು ಜಂಬ ಕೊಚ್ಚಿ, ಖರೀದಿಗೆ ಬಂದವರ ಎದುರೇ ಮ್ಯಾನೇಜರ್ ಎತ್ತರದಿಂದ ಶರಬತ್ತು ಸುರಿದಿದ್ದರು. ಗುಲಾಬಿ ಬಣ್ಣದ ನೊರೆ ಎದ್ದಿತು. ಒಂದಷ್ಟು ಮೇಜಿನಡಿಗೂ ಹರಿಯಿತು. ಒರೆಸಿದರೆ— ಕಲೆ ಅಲ್ಲೇ! ಬಂದವರು ಮುಖ ಮುಖ ನೋಡಿಕೊಂಡು ಪಕ್ಕದ ಕೋಣೆಗೆ ಚಹಾ ಕುಡಿಯಲು ಎದ್ದರು.

ಮ್ಯಾನೇಜರರ ಸಿಟ್ಟೆಲ್ಲ ಹುಳಿಯಣ್ಣನ ಮೇಲೆ ತಿರುಗಿತು. ಕಲೆ ತಡೆಯುವ ಮದ್ದು ಬೆರೆಸಿದ, ಆಸಿಡ್ಡಿನ ಹುಳಿನೀರು ತುಂಬಿದ ತೊಟ್ಟಿಯಲ್ಲಿ ಕಾರ್ಪೆಟ್ ಅದ್ದಿ ಹಬೆ ಕೊಡುವುದು ಮೂವತ್ತು ವರ್ಷದಿಂದ ಅವನ ಕೆಲಸ. ಆ ಹೆಸರು ಅಂಟಿದ್ದೂ ಅದರಿಂದಲೇ.

"ಆಸಿಡ್ ಕಮ್ಮಿ ಹಾಕಿದ್ದೀರಿ! ನಾಳೆಯಿಂದ ತೊಟ್ಟಿ ಬೇರೆಯವರಿಗೆ. ನೀವು ಗೋಡೌನಿಗೆ!"

ಕಲೆ ಉಜ್ಜುತ್ತಿದ್ದ ಹುಳಿಯಣ್ಣ ಬಟ್ಟೆ ಕೆಳಗಿಟ್ಟ. ತೊಟ್ಟಿ ಬಿಟ್ಟರೆ ತನಗೆ ಇನ್ನೇನಿದೆ?

"ಇವರ ಕೈ ತಪ್ಪೋ ಕೈಯಲ್ಲ ಸಾರ್!" ಅವನ ಹೆಂಡತಿ ಜಗಳಕ್ಕೇ ನಿಂತಳು. ಈ ಷೋರೂಮಿನ ಉಸ್ತುವಾರಿ, ಬೀಗದಕೈ ಎರಡೂ ಅವಳವೇ.

ಗಲಾಟೆ ಕೇಳಿ ಅವಳ ತಂಗಿ ಬಂದಳು. ಕಾರ್ಖಾನೆಯ ಕೆಮಿಸ್ಟ್, ಎಲ್ಲದರಲ್ಲೂ ಮೂಗು ತೂರಿಸುವುದರಲ್ಲಿ ಎತ್ತಿದ ಕೈ.

"ಭಾವ, ತೊಟ್ಟಿ ಹುಳಿ ನೋಡಿದ್ರಾ?"

"ಮೂರು ಸಲ. ಪರೀಕ್ಷೆ ಕಾಗದ ಪುಸ್ತಕದಲ್ಲೇ ಅಂಟಿಸಿದೀನಿ."

"ಹಬೆ?"

"ಭೇಷಾಗಿ ಕೊಟ್ಟಿದೀನಿ."

"ಸಾರ್, ಶರಬತ್ತಲ್ಲಿ ಗ್ಯಾಸ್ ಇತ್ತಾ?"

"ಇಲ್ಲಮ್ಮ! ನೀರು, ಸಕ್ಕರೆ, ಬಣ್ಣ ಅಷ್ಟೇ."

"ಹಾಗಾದ್ರೆ ನೊರೆ ಯಾಕೆ ಬಂತು?"

ಅವಳು ಬಗ್ಗಿ ಮೇಜಿನಡಿ ಇಣುಕಿದಳು.

"ಒಂದು ಕೈ ಹಿಡೀರಿ ಸಾರ್." ಇಬ್ಬರೂ ತಿಣುಕಿ ಮೇಜು ಸರಿಸಿದರು. ಅದರಡಿಗೆ ಹರಿದಿದ್ದ ಶರಬತ್ತನ್ನು ಅವಳು ಒದ್ದೆ ಬಟ್ಟೆಯಿಂದ ಒಂದೇ ಸಲ ಒರೆಸಿದಳು. ಹಾಲಿನಂಥ ಬಿಳುಪು! ಹುಳಿಯಣ್ಣನಿಗೆ ಹೋದ ಜೀವ ಬಂದಂತಾಯಿತು.

"ಒಂದೇ ಕಾರ್ಪೆಟ್ಟು, ಒಂದೇ ತೊಟ್ಟಿ. ಭಾವನ ತಪ್ಪಾಗಿದ್ರೆ ಇಲ್ಲೂ ಕಲೆ ನಿಲ್ಲಬೇಕಿತ್ತು. ನೈಲಾನ್ ಎಳೆಯಲ್ಲಿ ಬಣ್ಣ ಹಿಡಿಯೋ ಜಾಗಗಳಿವೆ ಸಾರ್, ಬಸ್ಸಿನ ಸೀಟಿದ್ದ ಹಾಗೆ. ಹುಳಿ ನೀರಲ್ಲಿ ನಮ್ಮ ಮದ್ದು ಮೊದಲೇ ಹೋಗಿ ಕೂತ್ಕೊಳ್ಳುತ್ತೆ. ಆಮೇಲೆ ಬಂದ ಕೆಂಪಿಗೆ ಸೀಟಿಲ್ಲ! ಆದ್ರೆ ಬಟ್ಟೆ ಒಗೆಯೋ ಸೋಡಾ, ಬಿಸಿನೀರು ಬಿತ್ತೋ, ಮದ್ದು ಎದ್ದು ಹೋಗುತ್ತೆ. ಯಾರೋ ಇದನ್ನ ಸೋಪು, ಸೋಡಾ ಹಾಕಿ ತೊಳೆದಿದಾರೆ. ಉಳಿದ ಸೋಪೇ ಆ ನೊರೆ. ಒಬ್ಬರೇ ತೊಳೆದದ್ದು— ಮೇಜು ಜರುಗಿಸೋಕೆ ಆಗಿಲ್ಲ. ಬೀಗದಕೈ ಇದ್ದೋರು." ಅವಳು ತಿರುಗಿದಳು. "ಅಲ್ವೇನೇ ಅಕ್ಕಾ?"

ಅಕ್ಕನ ಮುಖ ಇಷ್ಟು ಚಿಕ್ಕದಾಯಿತು.

"ಧೂಳು ಕೂತಿತ್ತು ಕಣೇ... ಬಂದೋರು ಇವರ ಕೆಲಸಾನ ಆಡ್ಕೋಬಾರದು ಅಂತ ನಿನ್ನೆ ಮಧ್ಯಾಹ್ನ ಸೋಪಿನ ಪುಡಿ, ಸೋಡಾ ಎಲ್ಲ ಹಾಕಿ ಬಿಸಿನೀರಲ್ಲಿ ಉಜ್ಜಿದೆ. ಫ್ಯಾನ್ ಹಾಕಿ ಒಣಗಿಸ್ದೆ."

ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದ ಖರೀದಿದಾರರು ಬಂದು ಮೇಜಿನಡಿಯ ಬಿಳುಪನ್ನು ಮುಟ್ಟಿ ಮುಟ್ಟಿ ನೋಡಿದರು. ಹಿರಿಯರೊಬ್ಬರು ತಾವೇ ಇನ್ನೊಂದು ಲೋಟ ಸುರಿದು, ಒರೆಸಿ, ತಲೆದೂಗಿದರು.

ಮ್ಯಾನೇಜರ್ ಕೆಮ್ಮಿದರು. "ಹುಳಿಯಣ್ಣ, ಆ ಗೋಡೌನ್ ಮಾತು ಮರೆತುಬಿಡಿ."

ಹುಳಿಯಣ್ಣ ಕೇಳಿಸಿಕೊಂಡರೆ ತಾನೇ? ನಗು ತಡೆಯಲಾರದೆ ಹೆಂಡತಿಯನ್ನೇ ನೋಡುತ್ತಿದ್ದ.

"ಮೂವತ್ತು ವರ್ಷದಿಂದ ಊಟಕ್ಕೆ ಕೂತಾಗೆಲ್ಲ ಹೇಳಿದೀನಲ್ಲೇ, ಈ ಕಾರ್ಪೆಟ್ಟಿಗೆ ಸೋಡಾ ಸೋಕಿಸಬಾರದು ಅಂತ! ಒಂದು ದಿನಾನಾದ್ರೂ ಕೇಳಿಸ್ಕೊಂಡ್ಯಾ?"

"ಹೂಂ, ಹೂಂ ಅಂತಿದ್ನಲ್ರೀ!"