ಇನ್ನೊಂದು ಸಲ ಕೇಳಬಾರದಿತ್ತೇ?

"ಅಯ್ಯೋ ದೇವರೇ... ಪಾತ್ರೇನೇ ಎತ್ಕೊಂಡು ಹೋಗ್ಬಿಟ್ಟನಲ್ಲ!"

ಮನಸ್ಸಿನೊಳಗೇ ಕೂಗಿಕೊಂಡಳು ಅವಳು. ಹೊಟ್ಟೆ ಚುರುಗುಟ್ಟುತ್ತಿತ್ತು.

ವಿಮಾನ, ರೈಲು, ಮಿಷನ್ನಿನ ಹಳೆಯ ವ್ಯಾನು ಎಲ್ಲ ಹತ್ತಿಳಿದು, ಆ ಪರದೇಶದ ಮಿಷನ್ ಆಸ್ಪತ್ರೆಗೆ ನರ್ಸ್ ಆಗಿ ಅವಳು ಬಂದದ್ದು ಅಂದೇ. ಊಟದ ಕೋಣೆಯಲ್ಲಿ ಒಬ್ಬ ಎತ್ತರದ ಯುವಕ, ಉಗುರಿನ ಸಂದಿಯಲ್ಲೆಲ್ಲ ಬಿಳಿ ಪ್ಲಾಸ್ಟರ್ ಮೆತ್ತಿಕೊಂಡವನು, ಬಿಸಿ ಸೂಪಿನ ಪಾತ್ರೆ ಹಿಡಿದು ಅವಳ ಎದುರು ನಿಂತಿದ್ದ.

"ಇನ್ನೂ ಸ್ವಲ್ಪ ಹಾಕ್ಲಾ?"

ಅರೆ, ನಮ್ಮ ಭಾಷೆ! ಅವಳ ಎದೆ ಝಲ್ಲೆಂದಿತು. ತಲೆ ಎತ್ತಿದರೆ ಎಷ್ಟು ಶಾಂತವಾದ ಕಣ್ಣುಗಳು... ನಾಚಿಕೆಯಾಗಿ, "ಬೇಡ ಬೇಡ, ಸಾಕು" ಎಂದುಬಿಟ್ಟಳು.

ಹಾಗೆನ್ನದೆ ಇನ್ನೇನು? ಕೇಳಿದ ಕೂಡಲೇ ಹೂಂ ಅಂದರೆ ಹೊಟ್ಟೆಬಾಕಿ ಅನ್ನುತ್ತಾರೆ ಎಂದು ಅಮ್ಮ ಚಿಕ್ಕಂದಿನಿಂದ ತಿದ್ದಿದ್ದಳು. ನಾವು ಬೇಡ ಅನ್ನಬೇಕು, ಬಡಿಸುವವರು "ಏ, ಹಾಕಿಸ್ಕೊಳ್ಳಮ್ಮ" ಅನ್ನಬೇಕು, ನಾವು ಕೈ ಅಡ್ಡ ಹಿಡಿಯಬೇಕು, ಅವರು ಬೆರಳ ಸಂದಿಯಿಂದಲೇ ಸುರಿಯಬೇಕು. ಉಪಚಾರ ಅಂದರೆ ಅದು!

ಈ ಪುಣ್ಯಾತ್ಮ "ಸರಿ" ಎಂದ. ಪಕ್ಕದ ಮೇಜಿಗೆ ನಡೆದೇಬಿಟ್ಟ.

"ಅವನು ನಮ್ಮ ವರ್ಕ್‌ಶಾಪಿನವನು. ಇವತ್ತು ಬಡಿಸೋ ಸರದಿ ಅವನ್ದು. ಕಾಲು ಕಳಕೊಂಡೋರಿಗೆ ಕೃತಕ ಕಾಲು ಮಾಡ್ತಾನೆ, ಕಾಲು ಮೇಷ್ಟ್ರು ಅಂತೀನಿ ನಾನು" ಎಂದರು ಪಕ್ಕದಲ್ಲಿದ್ದ ದೊಡ್ಡ ಸಿಸ್ಟರ್. ಅವಳ ಕಡೆಯವರೇ, ಈ ಆಸ್ಪತ್ರೆಯಲ್ಲೇ ತಲೆ ನರೆತ ನರ್ಸ್ ಅವರು. "ಅಪ್ಪ ಇಲ್ಲಿಯವರು, ಅಮ್ಮ ನಮ್ಮ ಕಡೆಯೋರು, ಪಾಪ, ತೀರಿಕೊಂಡ್ರು. ಇವನು ಹುಟ್ಟಿ ಬೆಳೆದಿದ್ದೆಲ್ಲ ಇಲ್ಲೇ."

ಭಾಷೆ ಕಲಿಸಿದ ತಾಯಿ ಉಪಚಾರ ಕಲಿಸುವುದನ್ನು ಮರೆತಿದ್ದಾರೆ ಎಂದು ಅವಳು ತೀರ್ಮಾನಿಸಿದಳು.

ಹೊಸ ಊರು ದಿನಕ್ಕೊಂದು ಪೆಟ್ಟು ಕೊಟ್ಟಿತು. ಬೆಳಗಿನ ಪ್ರಾರ್ಥನೆ ಮುಗಿಸಿ ವಾರ್ಡಿಗೆ ಹೋಗುವಾಗ, ಎಲ್ಲಿಗೆ ಹೊರಟ್ರಿ ಎಂದು ವಿಶ್ವಾಸದಿಂದ ಕೇಳಿದರೆ ಲ್ಯಾಬಿನವಳು ಮುಖ ಗಂಟಿಕ್ಕಿದಳು. ಪಕ್ಕದ ಕೋಣೆಯ ಬಾಗಿಲು ತಳ್ಳಿ ಒಳಗೆ ಹೋದರೆ ಅಲ್ಲಿದ್ದ ನರ್ಸ್ ಹೌಹಾರಿದಳು. ಸಂಜೆಯಾದರೆ ಬಾಗಿಲುಗಳೆಲ್ಲ ಮುಚ್ಚಿ ಬೀದಿ ಬಿಕೋ ಎನ್ನುತ್ತಿತ್ತು. ಊಟ ಆಯ್ತಾ ಎಂದು ಕೇಳುವ ಒಂದು ಜೀವ ಇರಲಿಲ್ಲ.

ಒಂದು ದಿನ ಅವಳು ದೊಡ್ಡ ಸಿಸ್ಟರ್ ಹತ್ತಿರ ಅದನ್ನೇ ಹೇಳಿಕೊಂಡು ಕಣ್ಣು ಒರೆಸಿಕೊಂಡಳು. ಅತ್ತ ಹೋಗುತ್ತಿದ್ದ ಕಾಲು ಮೇಷ್ಟ್ರು ಅದನ್ನು ಕೇಳಿಸಿಕೊಂಡ.

ಮರುದಿನ ಮಧ್ಯಾಹ್ನ ವರ್ಕ್‌ಶಾಪಿನ ಕಿಟಕಿಯಿಂದ ಒಂದು ತಲೆ ಹೊರಬಂತು.

"ಊಟ... ಆಯ್ತಾ?"

ಶಾಲೆಯ ಮಗು ಪಾಠ ಒಪ್ಪಿಸಿದಂತಿತ್ತು ಆ ದನಿ. ಅವಳಿಗೆ ನಗು, ಅಳು ಒಟ್ಟಿಗೇ ಬಂತು.

"ಆಯ್ತು. ನಿಮ್ದು?"

"ಆಯ್ತು. ಈಗ ಇನ್ನೇನು ಕೇಳಬೇಕು?"

"ಏನು ಊಟ ಅಂತ ಕೇಳಬೇಕು!"

"ಇಬ್ರೂ ತಿಂದಿದ್ದು ಒಂದೇ ಅಡುಗೆಮನೆಯದ್ದಲ್ವಾ?"

"ಆದ್ರೂ ಕೇಳಬೇಕು ಕಣ್ರೀ!"

ಅಂದಿನಿಂದ ದಿನವೂ ಕೇಳಿದ.

ಅವನು ಕಾಲು ಮಾಡಿದರೆ, ಅದನ್ನು ಹಾಕಿಸಿ ಕಂಬಿ ಹಿಡಿಸಿ ನಡೆಸುವುದು ಅವಳ ಕೆಲಸ. ಒಮ್ಮೆ ಮೀನುಗಾರ ಅಜ್ಜನೊಬ್ಬನ ಮುಂದೆ ಮಂಡಿಯೂರಿ, ಇಲ್ಲಿ ಒತ್ತುತ್ತಾ ಎಂದು ಅವನು ಕೇಳಿದ. ಅಜ್ಜ ಇಲ್ಲ ಎಂದ. ಅವನು ಕಾಲನ್ನು ಉಜ್ಜಿ ಸರಿಮಾಡುವ ಅರವನ್ನು ಕೆಳಗಿಟ್ಟುಬಿಟ್ಟ.

"ಇನ್ನೊಂದ್ಸಲ ಕೇಳಿ ನೋಡ್ರೀ, ಸಂಕೋಚಕ್ಕೆ ಹೇಳ್ತಿರಬಹುದು" ಎಂದಳು ಅವಳು.

ಅವನಿಗೆ ಆಶ್ಚರ್ಯ. "ಅವರ ಕಾಲು, ಅವರ ನೋವು. ಅವರ ಮಾತೇ ನಂಬದಿದ್ರೆ ಇನ್ಯಾರ ಮಾತು ನಂಬ್ಲಿ?"

ಎಂಥ ಮೊದ್ದು ಎಂದುಕೊಂಡಳು. ಆದರೆ ಆ ಮೊದ್ದುತನ ಅವಳಿಗೆ ದಿನದಿನಕ್ಕೆ ಇಷ್ಟವಾಗತೊಡಗಿತ್ತು. ಇನ್ನೊಂದು ವಿಷಯವೂ ಇತ್ತು. ಇಡೀ ಆಸ್ಪತ್ರೆ ಅವಳನ್ನು ಸಿಸ್ಟರ್, ಸಿಸ್ಟರ್ ಎಂದು ಕರೆದರೆ, ಇವನೊಬ್ಬ ಮಾತ್ರ ಅಪ್ಪಿತಪ್ಪಿಯೂ ಆ ಹೆಸರೆತ್ತುತ್ತಿರಲಿಲ್ಲ. ಯಾಕೆ ಎಂದು ದೊಡ್ಡ ಸಿಸ್ಟರ್ ಕೀಟಲೆ ಮಾಡಿದರೆ ಅವನ ಕಿವಿ ಕೆಂಪಾಗುತ್ತಿತ್ತು.

ಕೊನೆಗೆ ಒಂದು ಮಧ್ಯಾಹ್ನ ವರ್ಕ್‌ಶಾಪಿನಲ್ಲಿ, ಪೀಠಿಕೆಯೂ ಇಲ್ಲದೆ, ಪ್ಲಾಸ್ಟರ್ ಮೆತ್ತಿದ ಕೈಯಲ್ಲೇ ಕೇಳಿಬಿಟ್ಟ.

"ನಂಗೆ ನೀವಂದ್ರೆ ತುಂಬಾ ಇಷ್ಟ. ನನ್ನ ಮದುವೆ ಆಗ್ತೀರಾ?"

ಅವಳಿಗೆ ಆದದ್ದು ಖುಷಿಯೋ, ಗಾಬರಿಯೋ!

"ಅಯ್ಯೋ! ಬೇಡಪ್ಪಾ... ಏನಿದು..."

ಕೈಯಲ್ಲಿ ಮುಖ ಮುಚ್ಚಿಕೊಂಡು ಹೊರಗೋಡಿದಳು. ಓಣಿಯ ಗೋಡೆಗೆ ಒರಗಿ ನಿಂತಳು. 'ಈಗ ಬರ್ತಾನೆ. ಯಾಕೆ ಬೇಡ ಅಂತ ಕೇಳ್ತಾನೆ. ಆಗ ತಲೆ ತಗ್ಗಿಸಿ ಹೂಂ ಅಂದ್ರಾಯ್ತು...'

ಒಳಗಿನಿಂದ ಅರ ಉಜ್ಜುವ ಸದ್ದು ಕೇಳಿಸಿತು. ಅವನು ಕೆಲಸಕ್ಕೆ ಕೂತಿದ್ದ.

ಮರುದಿನವೂ ಅವನು ಕೇಳಲಿಲ್ಲ. ಅದರ ಮರುದಿನವೂ ಇಲ್ಲ. ಎದುರಾದರೆ ದಾರಿ ಬಿಟ್ಟು ನಿಂತ. ಕೋಪವಿಲ್ಲ, ಮುನಿಸಿಲ್ಲ, ಬರೀ ಮರ್ಯಾದೆ. ಕಿಟಕಿಯಿಂದ ತಲೆ ಹೊರಬರುವುದೂ ನಿಂತಿತು. ಆ ಮರ್ಯಾದೆಯೇ ಅವಳ ಜೀವ ಹಿಂಡಿತು.

'ಇಷ್ಟೇನಾ ಇವನ ಪ್ರೀತಿ? ಇನ್ನೊಂದೇ ಒಂದು ಸಲ ಕೇಳಿದ್ರೆ ಗಂಟೇನು ಹೋಗ್ತಿತ್ತು?'

ಭಾನುವಾರ ಆರಾಧನೆಯ ಕೊನೆಗೆ ಪಾಸ್ಟರ್ ಪ್ರಕಟಣೆ ಮಾಡಿದರು. ಗುಡ್ಡದಾಚೆಯ ಊರಿನ ಮಿಷನ್ನಿನಲ್ಲಿ ಹೊಸ ವರ್ಕ್‌ಶಾಪು ತೆರೆಯುತ್ತಾರಂತೆ. ಕಾಲು ಮೇಷ್ಟ್ರು ತಾವಾಗಿಯೇ ಕೇಳಿಕೊಂಡು ಅಲ್ಲಿಗೆ ಹೋಗುತ್ತಿದ್ದಾರಂತೆ. ನಾಳೆ ಬೆಳಿಗ್ಗೆಯೇ ಪ್ರಯಾಣ!

ಅವಳಿಗೆ ಕಣ್ಣು ಕತ್ತಲಿಟ್ಟಿತು. ಎಲ್ಲರೂ ಎದ್ದು ಹೋದ ಮೇಲೂ ಬೆಂಚು ಬಿಟ್ಟೇಳಲಿಲ್ಲ. ದೊಡ್ಡ ಸಿಸ್ಟರ್ ಪಕ್ಕದಲ್ಲಿ ಬಂದು ಕೂತರು. ಅವಳು ಎಲ್ಲವನ್ನೂ ಹೇಳಿಕೊಂಡು ಬಿಕ್ಕಿದಳು.

"ನೀನು ಏನಂದೆ?"

"ಬೇಡ ಅಂದೆ."

"ಮತ್ತೆ ಅವನೇನು ಮಾಡಬೇಕಿತ್ತು ತಾಯಿ?"

"ಇನ್ನೊಂದ್ಸಲ ಕೇಳಬಾರದಿತ್ತಾ?"

ದೊಡ್ಡ ಸಿಸ್ಟರ್ ಹಣೆ ಚಚ್ಚಿಕೊಂಡರು. "ಅಯ್ಯೋ ಹುಚ್ಚುಮುಂಡೇದೇ! ಇಲ್ಲಿ ಬೇಡ ಅಂದ್ರೆ ಬೇಡ. ಮತ್ತೆ ಮತ್ತೆ ಕೇಳೋದು ಪೀಡಿಸಿದ ಹಾಗೆ. ನಿನ್ನ ಕಣ್ಣಿಗೆ ಬಿದ್ದು ನಿಂಗೆ ಮುಜುಗರ ಆಗಬಾರದು ಅಂತ ಅವನು ಊರೇ ಬಿಡ್ತಿದ್ದಾನೆ ಕಣೇ."

"ಈಗ ನಾನೇನು ಮಾಡ್ಲಿ ದೊಡ್ಡ ಸಿಸ್ಟರ್?"

"ಅವನಂತೂ ಕೇಳಲ್ಲ. ಬಾಯಿ ಇರೋದು ನಿಂಗೂ ತಾನೇ?"

ಬೆಳಿಗ್ಗೆ ಅವಳು ವರ್ಕ್‌ಶಾಪಿಗೆ ಹೋದಾಗ ಅವನು ಪೆಟ್ಟಿಗೆಗೆ ಉಪಕರಣ ತುಂಬುತ್ತಿದ್ದ. ಹೊರಗೆ ವ್ಯಾನು ನಿಂತಿತ್ತು.

ಹೆಣ್ಣುಮಗಳು ತಾನಾಗಿ ಬಾಯಿಬಿಟ್ಟು ಕೇಳುವುದೇ? ಅಮ್ಮನಿಗೆ ಗೊತ್ತಾದರೆ ಎದೆ ಒಡೆದುಕೊಂಡಾಳು! ಸುತ್ತಿಬಳಸಿ ಶುರು ಮಾಡಿದಳು.

"ಅಲ್ಲಿ ತುಂಬಾ ಚಳಿಯಂತೆ..."

"ಹೌದು. ಕೋಟು ಇದೆ."

"ಅಡುಗೆಗೆ ಯಾರೂ ಇರಲ್ವಂತೆ..."

"ನಾನೇ ಮಾಡ್ಕೋತೀನಿ."

"ಒಬ್ಬರೇ ಇರೋದು ಬೇಜಾರಾಗಲ್ವಾ?"

"ಆಗುತ್ತೆ" ಎಂದ. ಪೆಟ್ಟಿಗೆ ಮುಚ್ಚಿದ.

ದೇವರೇ, ಈ ಮನುಷ್ಯನಿಗೆ ಸೂಚನೆ ಅನ್ನುವುದೇ ನಾಟುವುದಿಲ್ಲವಲ್ಲ!

"ಹೋಗಬೇಡಿ!" ಅವಳ ದನಿ ಒಡೆಯಿತು. "ನಂಗೆ ನೀವು ಬೇಕು! ಅವತ್ತೂ ಬೇಕಿತ್ತು. ನಾಚಿಕೆಗೆ ಬೇಡ ಅಂದೆ. ನೀವು ಮತ್ತೆ ಕೇಳ್ತೀರಿ ಅಂತ ಓಣಿಯಲ್ಲಿ ಕಾಯ್ತಾ ನಿಂತಿದ್ದೆ... ಯಾಕ್ರೀ ಕೇಳ್ಲಿಲ್ಲ?"

ಅವನು ಪೆಟ್ಟಿಗೆಯ ಮೇಲೆ ಕುಸಿದು ಕೂತ.

"ನಮ್ಮಮ್ಮನೂ ಬೇಡ ಅಂದಿದ್ರು" ಎಂದ ಮೆಲ್ಲಗೆ. "ಮಿಷನ್ನಿನ ಕಡೆಯಿಂದ ಅಪ್ಪನ ಸಂಬಂಧ ಬಂದಾಗ, ಈ ಮದುವೆ ಬೇಡ, ದೂರದೇಶಕ್ಕೆ ಹೋಗಲ್ಲ ಅಂತ ಅತ್ತಿದ್ರಂತೆ. ಮನೆಯವರೆಲ್ಲ ನಕ್ಕುಬಿಟ್ರಂತೆ, ಹುಡುಗಿ ನಾಚ್ಕೋತಿದ್ದಾಳೆ ಅಂತ. ಅಪ್ಪ ಒಳ್ಳೆಯವರೇ... ಆದ್ರೆ ಅಮ್ಮ ಇಲ್ಲಿ ಒಂದು ದಿನಾನೂ ನೆಮ್ಮದಿಯಾಗಿರಲಿಲ್ಲ. ಬೇಡ ಅಂದವಳ ಮಾತನ್ನ ನೀನಾದ್ರೂ ನಂಬು ಮಗನೇ ಅಂತ ಹೇಳ್ತಿದ್ರು. ನಾನು ನಂಬಿದೆ."

ಅವಳು ಯಾವುದನ್ನು ಮೊದ್ದುತನ ಎಂದು ನಕ್ಕಿದ್ದಳೋ, ಅದರ ಹಿಂದೆ ಒಬ್ಬ ತಾಯಿಯ ಇಡೀ ಬದುಕಿನ ದುಃಖವಿತ್ತು. ಅವಳು ಅವನ ಎದುರಿಗೆ ನೆಲದ ಮೇಲೇ ಕೂತಳು.

"ತಪ್ಪಾಯ್ತು. ಇನ್ಮೇಲೆ ನಾಚಿಕೆಗೂ ಸುಳ್ಳು ಹೇಳಲ್ಲ. ಈಗ ನಾನೇ ಕೇಳ್ತೀನಿ... ನನ್ನ ಮದುವೆ ಆಗ್ತೀರಾ?"

"ಆಗ್ತೀನಿ" ಎಂದ. ಒಂದು ಕ್ಷಣವೂ ಯೋಚಿಸಲಿಲ್ಲ. ಕಣ್ಣಲ್ಲಿ ಮಾತ್ರ ನೀರು ತುಂಬಿತ್ತು.

"ಅಯ್ಯೋ, ಗಂಡಸು ಸ್ವಲ್ಪನಾದ್ರೂ ಬಿಗುಮಾನ ಮಾಡಬಾರದಾ!" ಅವಳು ಅಳುತ್ತಲೇ ನಕ್ಕಳು.

ಹೊರಗೆ ವ್ಯಾನಿನ ಹಾರನ್ನು ಕೇಳಿಸಿತು. ಇಬ್ಬರೂ ಬೆಚ್ಚಿದರು.

"ಹೋಗಲೇಬೇಕು. ಅಲ್ಲಿ ಕಾಲಿಲ್ಲದೆ ಕಾಯ್ತಿರೋರಿಗೆ ಮಾತು ಕೊಟ್ಟಿದ್ದೀನಿ. ಅಲ್ಲಿನವರಿಗೆ ಕೆಲಸ ಕಲಿಸಿ ವಾಪಸ್ ಬರ್ತೀನಿ. ಕಾಯ್ತೀರಾ?"

"ಕಾಯ್ತೀನಿ. ಅಷ್ಟರಲ್ಲಿ ನಮ್ಮಮ್ಮನಿಗೆ ಫೋನ್ ಮಾಡಿ ಒಪ್ಪಿಸ್ತೀನಿ. ನೀವು ಹೋಗಿಬನ್ನಿ."

ಅವನು ಎದ್ದ. ಕೈ ಮುಂದೆ ಬಂತು, ಅರ್ಧಕ್ಕೇ ನಿಂತಿತು.

"ನಿಮ್ಮ ಕೈ ಹಿಡ್ಕೋಬಹುದಾ?"

"ಅದನ್ನೂ ಕೇಳ್ತಾರೇನ್ರೀ?"

"ಕೇಳ್ತೀನಿ. ಮದುವೆ ಆದ್ಮೇಲೂ ಕೇಳ್ತೀನಿ. ಮುದುಕರಾದ್ಮೇಲೂ ಕೇಳ್ತೀನಿ."

ಇಷ್ಟು ದಿನ ತನ್ನನ್ನು ಯಾರೂ ಹೀಗೆ ಕೇಳಿರಲಿಲ್ಲ ಎಂದು ಅವಳಿಗೆ ಆಗ ಹೊಳೆಯಿತು. ತಲೆ ತಗ್ಗಿಸಲಿಲ್ಲ. ಅವನ ಕಣ್ಣನ್ನೇ ನೋಡುತ್ತಾ ಎರಡೂ ಕೈ ಚಾಚಿದಳು.

"ಹೂಂ... ಹಿಡ್ಕೊಳ್ಳಿ."